ಗಂಜಿ ಹಾಕಿದ ಕೆಂಪು ವಲ್ಲಿ

ಟೀವಿಯವರು ನನ್ನ ಮನೆ ಹುಡುಕಿಕೊಂಡು ನಂಜನಗೂಡಿಗೆ ಬಂದಾಗ ನಾನು ನಿವೃತ್ತನಾಗಿ ನಾಲ್ಕು ವರ್ಷವಾಗಿತ್ತು. ಬೆಳಿಗ್ಗೆ ಹತ್ತೂಕಾಲು ಗಂಟೆ. ಆ ಹೊತ್ತಿಗೆ ನನ್ನ ತಿಂಡಿ, ಪತ್ರಿಕೆ, ಗಿಡಕ್ಕೆ ನೀರು ಎಲ್ಲ ಮುಗಿದಿರುತ್ತದೆ. ಅವರನ್ನು ಕೂರಿಸಿ ಮಾತಾಡಿಸಲು ಅಡ್ಡಿಯಿರಲಿಲ್ಲ. ಒಬ್ಬ ಯುವಕ, ಒಬ್ಬಳು ಯುವತಿ. ತೊಂಬತ್ತರ ದಶಕದಲ್ಲಿ ಭಾನುವಾರ ಬೆಳಿಗ್ಗೆ ಬರುತ್ತಿದ್ದ ಸೂಪರ್ ಹೀರೋ ಧಾರಾವಾಹಿ ನೆನಪಿದೆಯೇ ಎಂದು ಕೇಳಿದರು. ಅದರ ನಟರು, ಕ್ಯಾಮೆರಾದವರು, ನಿರ್ದೇಶಕರು ಎಲ್ಲರನ್ನೂ ಮತ್ತೆ ಒಂದೆಡೆ ಸೇರಿಸಿ, ಅದನ್ನು ಹೇಗೆ ತೆಗೆದರೆಂದು ಅವರ ಬಾಯಿಂದಲೇ ಹೇಳಿಸುವ ಒಂದು ಚಿತ್ರವನ್ನು ಅವರ ಚಾನೆಲ್ಲು ಮಾಡುತ್ತಿತ್ತಂತೆ.

"ಸರ್, ಹೀರೋ ಬೆನ್ನಿಗೆ ಕಟ್ಟಿಕೊಳ್ಳೋ ಕೆಂಪು ಕೇಪು ನಿಮ್ಮಲ್ಲೇ ಆದದ್ದಂತಲ್ಲ?" ಎಂದಳು ಯುವತಿ. "ಅದು ಗಾಳಿಗೆ ಹಾರದೆ ರೆಕ್ಕೆ ಥರ ಹಾಗೇ ನಿಂತಿರುತ್ತೆ. ಜನಕ್ಕೆ ಆ ಸೀರಿಯಲ್ಲು ಅಂದ್ರೆ ಅದೇ ನೆನಪು. ಡ್ರೆಸ್ ಮಾಸ್ಟರು ಆಮೇಲೆ ಮೂರು ಸಲ ಬೆಂಗಳೂರಲ್ಲಿ ಮಾಡಿಸಿದ್ರೂ ಹಾಗೆ ಬರಲಿಲ್ಲವಂತೆ. ಗುಟ್ಟೇನು ಸರ್?"

ಗುಟ್ಟು ಗಂಜಿ. ಅಷ್ಟು ಹೇಳಲು ಅರ್ಧ ನಿಮಿಷ ಸಾಕು. ಆದರೆ ಆ ಗಂಜಿಯನ್ನು ಯಾರು ಹಾಕಿದರು, ಯಾರ ಮಾತಿನ ಮೇಲೆ ಹಾಕಿದರು ಎಂಬುದನ್ನು ನಾನು ಹತ್ತು ವರ್ಷಕ್ಕೂ ಮೇಲೆ ಸುಳ್ಳು ಹೇಳಿಕೊಂಡು ಬಂದಿದ್ದೆ. ಆ ಸುಳ್ಳಿನಿಂದ ಒಬ್ಬ ಹೆಂಗಸು ತನ್ನ ಕೆಲಸವನ್ನೂ ಕೆಲಸದ ಮೇಲಿದ್ದ ಹೆಸರನ್ನೂ ಕಳೆದುಕೊಂಡಿದ್ದರು.

ನಂಜನಗೂಡಿನಿಂದ ಬದನವಾಳಿನ ಕಡೆ ಹೋಗುವ ದಾರಿಯಲ್ಲಿ ಒಂದು ಸಣ್ಣ ನೇಯ್ಗೆ ಕೇಂದ್ರವಿತ್ತು. ಹದಿನಾಲ್ಕು ಮಗ್ಗ, ಚರಕಗಳಿದ್ದ ಒಂದು ದೊಡ್ಡ ಹಾಲು, ಬಣ್ಣದ ಕೊಟ್ಟಿಗೆ, ಗಂಜಿ ಕೋಣೆ. ನಾನು ಅಲ್ಲಿ ಮೇಲ್ವಿಚಾರಕ. ಮಠವೊಂದರ ಉಚಿತ ಹಾಸ್ಟೆಲ್ಲಿನಲ್ಲಿ ಹತ್ತು ವರ್ಷ ಇದ್ದು ಓದಿದವನು ನಾನು. ಗಂಟೆಗೆ ಏಳುವುದು, ಗಂಟೆಗೆ ಉಣ್ಣುವುದು, ಹೇಳಿದ ಕೆಲಸವನ್ನು ಹೇಳಿದ ದಿನ ಮುಗಿಸುವುದು ರೂಢಿಯಾಗಿತ್ತು. ಕೇಂದ್ರವನ್ನೂ ಹಾಗೇ ನಡೆಸಿದೆ. ಸೋಮವಾರ ನೂಲಿನ ಲಡಿ ಹಂಚುವುದು, ಮಂಗಳವಾರ ಬಣ್ಣ, ಗುರುವಾರ ಗಂಜಿ, ಶನಿವಾರ ಬಟ್ಟೆ ಮಡಿಸಿ ಕಳಿಸುವುದು. ಗಂಜಿಯಿಲ್ಲದ ಬಟ್ಟೆ ನಮ್ಮ ಬಾಗಿಲು ದಾಟುತ್ತಿರಲಿಲ್ಲ. ಅಂಗಡಿಯಲ್ಲಿ ಗಿರಾಕಿ ಮುಟ್ಟಿದರೆ ಹೊಸ ಬಟ್ಟೆ ಗರಿಗರಿ ಅನ್ನಬೇಕು. ಮೆತ್ತಗಿದ್ದರೆ ಯಾರೋ ಉಟ್ಟು ಬಿಟ್ಟದ್ದು ಅಂದುಕೊಳ್ಳುತ್ತಾನೆ.

ಗಂಜಿ ಕೋಣೆಯ ಕೆಲಸ ಆ ಹೆಂಗಸಿನದು. ಅವರ ಅತ್ತೆ ಮೊದಲು ಆ ಕೆಲಸದಲ್ಲಿದ್ದರು. ಸೊಸೆ ಅವರ ಪಕ್ಕದಲ್ಲಿ ನಿಂತು ಕಲಿತರು. ಬೇಯುತ್ತಿರುವ ಅಕ್ಕಿ ಗಂಜಿಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ತೆಗೆದು ಎಳೆದು ನೋಡಿ, "ಇನ್ನೊಂದ್ ಕುದಿ ಬರ್ಲಿ" ಅನ್ನುವರು. ಸೋಸಿದ ಮೇಲೆ ಎರಡು ತೊಟ್ಟು ಕೊಬ್ಬರಿ ಎಣ್ಣೆ. ಪಂಚೆಗೆ ಒಂದು ಹದ, ಸೀರೆಗೆ ಒಂದು ಹದ, ಹೊದಿಕೆಗೆ ಇನ್ನೊಂದು. ಎಲ್ಲರೂ ಅವರನ್ನು ಗಂಜಿಯಮ್ಮ ಎಂದೇ ಕರೆಯುತ್ತಿದ್ದರು. ಆಗ ಅದು ಮರ್ಯಾದೆಯ ಮಾತಾಗಿತ್ತು.

ಒಂದು ಮಂಗಳವಾರ ಕೇಂದ್ರದ ಮುಂದೆ ಜೀಪು ನಿಂತಿತು. ಇಳಿದವರು ಧಾರಾವಾಹಿಯ ಡ್ರೆಸ್ ಮಾಸ್ಟರು. ನರಸೀಪುರದ ಸಂಗಮದಲ್ಲಿ ಶೂಟಿಂಗು ನಡೆಯುತ್ತಿತ್ತು. ನಾಯಕ ಹೊಳೆಯ ಮೇಲೆ ಹಾರಿ ಬಂದು ಮೆಟ್ಟಿಲ ಮೇಲೆ ಇಳಿಯಬೇಕು. ಅವರು ತಂದಿದ್ದ ನೈಲಾನಿನ ಕೇಪು ದೊಡ್ಡ ಲೈಟಿಗೆ ತಗುಲಿ ಸುಟ್ಟುಹೋಗಿತ್ತು.

"ಕೆಂಪು ಬಟ್ಟೆ ಬೇಕು ಸ್ವಾಮಿ. ಎರಡು ಅಗಲ ಸೇರಿಸಿ ಹೊಲಿದು ಕೊಡಿ. ತೆಳ್ಳಗೆ, ಮೆತ್ತಗೆ ಇರಬೇಕು. ಫ್ಯಾನು ಹಾಕಿದರೆ ಪಟಪಟ ಹಾರಬೇಕು. ಶುಕ್ರವಾರ ಬೆಳಿಗ್ಗೆ ಒಂಬತ್ತಕ್ಕೆ ನರಸೀಪುರದಲ್ಲಿ ನನ್ನ ಕೈಯಲ್ಲಿರಬೇಕು" ಎಂದರು.

ಮಗ್ಗದ ಹೆಂಗಸರು ಲಾಳಿ ನಿಲ್ಲಿಸಿ ಕೇಳುತ್ತಿದ್ದರು. ಜೀಪು ಹೋದ ಮೇಲೆ ಒಬ್ಬಾಕೆ, "ಅಷ್ಟಗಲ ವಲ್ಲೀನ ಬೆನ್ಗೆ ಕಟ್ಕಂಡು ಆವಯ್ಯ ಏನ್ ಮಾಡಾನು ಸಾ?" ಎಂದು ಕೇಳಿದಳು.

"ಆರ್ತಾನಂತೆ ಕಣಮ್ಮಿ" ಎಂದಳು ಪಕ್ಕದವಳು.

"ಕಾಗೆ ಆರಕ್ಕೆ ವಲ್ಲಿ ಕಟ್ಕತದಾ?"

ಮಗ್ಗದವರೆಲ್ಲ ನಕ್ಕರು. ಹೆಗಲ ಮೇಲೆ ಹಾಕುವ ಬಟ್ಟೆಗೆ ನಮ್ಮ ಕಡೆ ವಲ್ಲಿ ಅನ್ನುತ್ತಾರೆ. ಅಂದಿನಿಂದ ನಮ್ಮಲ್ಲಿ ಅದು ಕೇಪು ಅಲ್ಲ, ಕೆಂಪು ವಲ್ಲಿ. ಆಗ ತಾನೇ ಮಗ್ಗದಿಂದ ಇಳಿದಿದ್ದ ಕೆಂಪು ಬಟ್ಟೆಯ ತಾನು ಒಂದಿತ್ತು. ಬುಧವಾರ ಒಗೆಸಿ ಹೊಲಿಸಿದೆ.

ಗುರುವಾರ ಬೆಳಿಗ್ಗೆ ಗಂಟೆ ಹೊಡೆದು ನಾನು ಹಾಜರಿ ಬರೆಯುತ್ತಿದ್ದೆ. ಗಂಜಿಯಮ್ಮ ಮೇಜಿನ ಮುಂದೆ ಬಂದು ನಿಂತರು. ಕೈಯಲ್ಲಿ ಆ ವಲ್ಲಿ.

"ಸಾ, ಇದ್ಕೂ ಆಕ್ಬೇಕಾ?"

"ಇವತ್ತು ಏನು ವಾರ?" ಎಂದೆ.

"ಗುರ್ವಾರ. ಆದ್ರೆ ಜೀಪಲ್ ಬಂದಿದ್ದೋರು ಮೆತ್ತಗಿರ್ಬೇಕು ಅಂದವ್ರೆ. ಆಕುದ್ರೆ ಇದು ಆರಾಕಿಲ್ಲ ಸಾ."

"ಗಂಜಿಯಿಲ್ಲದ ಬಟ್ಟೆ ಈ ಬಾಗಿಲು ದಾಟಿದ್ದುಂಟಾ?"

"ಇಲ್ಲ ಸಾ."

"ಹಾಕಮ್ಮ. ಹೊರಗಿನೋರಿಗೆ ಹೋಗೋದು. ಚೆನ್ನಾಗೇ ಹಾಕು."

ಇಷ್ಟೇ ಮಾತು. ನಾನು ಪುಸ್ತಕದಿಂದ ತಲೆ ಎತ್ತಲಿಲ್ಲ. ಅವರು ಚೆನ್ನಾಗೇ ಹಾಕಿದರು. ಹೊದಿಕೆಯ ಹದದ ಗಟ್ಟಿ ಗಂಜಿ, ಎರಡು ಸಲ ಅದ್ದಿ, ನೆರಳಲ್ಲಿ ಒಣಗಿಸಿ, ತಟ್ಟಿ ಮಡಿಸಿ ಕೊಟ್ಟರು.

ಶುಕ್ರವಾರ ನಾನೇ ಬಸ್ಸಿನಲ್ಲಿ ನರಸೀಪುರಕ್ಕೆ ತೆಗೆದುಕೊಂಡು ಹೋದೆ. ಒಂಬತ್ತಕ್ಕೆ ಐದು ನಿಮಿಷ ಇರುವಾಗಲೇ ಹೊಳೆ ದಡದಲ್ಲಿದ್ದೆ. ಡ್ರೆಸ್ ಮಾಸ್ಟರು ಮಡಿಕೆ ಬಿಚ್ಚಿ ನಾಯಕನ ಹೆಗಲಿಗೆ ಕಟ್ಟಿದರು. ಬಟ್ಟೆ ಇಳಿಬೀಳಲಿಲ್ಲ. ಬಾಗಿಲ ಪಡಿಯ ಹಾಗೆ ಬೆನ್ನ ಹಿಂದೆ ನಿಂತಿತು. ಒಬ್ಬ ಆಳೆತ್ತರದ ಫ್ಯಾನು ಹಾಕಿದ. ವಲ್ಲಿ ಹಾರುವ ಬದಲು ಗಾಳಿ ಹಿಡಿದು ನಾಯಕನನ್ನೇ ಎರಡು ಹೆಜ್ಜೆ ಹಿಂದಕ್ಕೆ ದೂಡಿತು. ದಡದ ಮೇಲೆ ನೋಡುತ್ತಿದ್ದ ಜನ ಕೇಕೆ ಹಾಕಿ ನಕ್ಕರು.

ನಿರ್ದೇಶಕರು ಕೂಗಿದರು. "ಯಾರ್ರೀ ಇದಕ್ಕೆ ಗಂಜಿ ಹಾಕಿದ್ದು? ನಾನು ಕೇಪು ಕೇಳಿದೆನೋ, ತಗಡು ಕೇಳಿದೆನೋ?"

ಡ್ರೆಸ್ ಮಾಸ್ಟರು ನನ್ನ ಕಡೆ ನೋಡಿದರು. ನಾನು, "ನಮ್ಮ ಗಂಜಿ ಕೋಣೆಯ ಹೆಂಗಸು. ಕೇಳದೆ ಹಾಕಿಬಿಟ್ಟಿದ್ದಾಳೆ" ಎಂದೆ.

ಯೋಚಿಸಿ ಹೇಳಿದ ಮಾತಲ್ಲ. ಬಾಯಿಗೆ ಬಂತು, ಹೇಳಿದೆ. ನನ್ನ ಬಸ್ಸು ಒಂಬತ್ತು ನಲವತ್ತಕ್ಕೆ ಇತ್ತು. ಅವರು ಇನ್ನೂ ಕೂಗಾಡುತ್ತಿರುವಾಗಲೇ ಹೊರಟೆ. ಹಾಗೆ ಹೊರಟದ್ದರಿಂದ ಆಮೇಲೆ ಆದದ್ದು ನನಗೆ ಗೊತ್ತಾಗಲಿಲ್ಲ. ಬೇರೆ ಬಟ್ಟೆಯಿಲ್ಲದೆ ಅದನ್ನೇ ಕಟ್ಟಿ ತೆಗೆಯೋಣವೆಂದು ಹೊರಟರಂತೆ. ಕ್ಯಾಮೆರಾದವರು ಕಣ್ಣಿಟ್ಟು ನೋಡಿ, "ಫ್ಯಾನು ಆರಿಸ್ರಿ, ಇದು ಹಿಂಗೇ ಚೆನ್ನಾಗಿದೆ" ಅಂದರಂತೆ.

ಅಷ್ಟರಲ್ಲಿ ದೂರು ನಮ್ಮ ಕೇಂದ್ರದ ಕಾರ್ಯದರ್ಶಿಗಳ ಕಿವಿಗೆ ಬಿದ್ದಿತ್ತು. ಶನಿವಾರ ವಿವರಣೆ ಕೇಳಿದರು. "ಸಂಬಂಧಪಟ್ಟ ಕೆಲಸಗಾರ್ತಿಯು ಸೂಚನೆ ಪಡೆಯದೆ ಗಂಜಿ ಹಾಕಿರುತ್ತಾರೆ. ಅವರನ್ನು ಚರಕ ವಿಭಾಗಕ್ಕೆ ಬದಲಾಯಿಸಲಾಗಿದೆ" ಎಂದು ಬರೆದು ಕೊಟ್ಟೆ. ಹೊಳೆ ದಡದಲ್ಲಿ ಆಡಿದ ಮಾತನ್ನು ಕಾಗದದ ಮೇಲೆ ಬದಲಿಸುವುದು ಕಷ್ಟವೆನಿಸಿತು. ಸೋಮವಾರ ಲಡಿ ಹಂಚುವಾಗ ಎಲ್ಲರ ಮುಂದೆ ಆ ಆದೇಶವನ್ನು ಓದಿದೆ. ಅದು ಪದ್ಧತಿ.

"ನಾನು ಕೇಳಿದ್ದೆ ಸಾ" ಎಂದರು ಅವರು.

ನಾನು ಪಟ್ಟಿಯಲ್ಲಿದ್ದ ಮುಂದಿನ ಹೆಸರು ಕರೆದೆ.

ಚರಕದ ಹಾಲಿನಲ್ಲಿ ಹೊಸಬರು ಕೂರುತ್ತಿದ್ದರು. ಹದಿನೆಂಟು ಇಪ್ಪತ್ತರ ಹುಡುಗಿಯರ ಸಾಲಿನಲ್ಲಿ ಅವರು ಕೂತರು. ಗಂಜಿ ಕೋಣೆಗೆ ಬಂದ ಹೊಸಬಳ ಕೈಯಲ್ಲಿ ಗಂಜಿ ಗಂಟು ಕಟ್ಟುತ್ತಿತ್ತು. ಒಂದು ಸಲ ಪಂಚೆಗಳು ಮೊಸರು ಚೆಲ್ಲಿದಂತೆ ಬಿಳಿ ಚುಕ್ಕೆಯೊಂದಿಗೆ ವಾಪಸು ಬಂದವು. ಗಂಜಿಯಮ್ಮ ಅನ್ನುವ ಹೆಸರು ಹೋಗಲಿಲ್ಲ, ಆದರೆ ಈಗ ಅದು ಚುಚ್ಚುವ ಮಾತು. "ಗಂಜಿಯಮ್ಮ, ನೂಲ್ಗೂ ಆಕ್ಬುಟ್ಟೀಯ ಕಣೇ, ಕೇಳ್ಕಂಡ್ ಆಕು" ಎಂದು ಯಾರಾದರೂ ಅನ್ನುವುದು, ಉಳಿದವರು ನಗುವುದು. ಅವರು ನೂಲು ತೆಗೆಯುತ್ತಲೇ ಇರುತ್ತಿದ್ದರು.

ಧಾರಾವಾಹಿ ಬರಲು ಶುರುವಾಯಿತು. ಎರಡನೇ ವಾರವೇ ಸಂಗಮದ ದೃಶ್ಯ ಬಂತು. ನಾಯಕ ಮೆಟ್ಟಿಲ ಮೇಲೆ ಇಳಿದಾಗ ವಲ್ಲಿ ಬೆನ್ನ ಹಿಂದೆ ಗರುಡನ ರೆಕ್ಕೆಯ ಹಾಗೆ ನಿಂತಿತ್ತು. ಮೂರು ತಿಂಗಳಲ್ಲಿ ನಂಜನಗೂಡಿನ ಬೀದಿಯಲ್ಲೆಲ್ಲ ಮಕ್ಕಳು ಗಂಜಿ ಹಾಕಿಸಿಕೊಂಡ ಕೆಂಪು ಟವೆಲ್ಲು ಕಟ್ಟಿಕೊಂಡು ಜಗಲಿಯಿಂದ ಜಗಲಿಗೆ ಹಾರುತ್ತಿದ್ದವು. ಆಗಲೇ ಆದೇಶವನ್ನು ವಾಪಸು ತೆಗೆಯಬಹುದಿತ್ತು. ತೆಗೆಯಬೇಕಾದರೆ ಕಾರಣ ಬರೆಯಬೇಕು. ಕಾರಣ ಬರೆದರೆ ಮೊದಲು ಬರೆದದ್ದು ಸುಳ್ಳು ಎಂದಾಗುತ್ತದೆ. ಬರೆಯಲಿಲ್ಲ. ನಾನು ನಿವೃತ್ತನಾಗುವ ದಿನವೂ ಅವರು ಚರಕದ ಮುಂದೆಯೇ ಇದ್ದರು.

ಟೀವಿಯವರಿಗೆ ಗಂಜಿಯ ಗುಟ್ಟನ್ನಷ್ಟೇ ಹೇಳಿ ಕಳಿಸಿದ ಮಾರನೆಯ ದಿನ ಎಂಟರ ಬಸ್ಸು ಹತ್ತಿ ಗಂಜಿಯಮ್ಮನ ಮನೆಗೆ ಹೋದೆ. ಕೇಂದ್ರದ ಹಿಂದಿನ ಬೀದಿ. ಅವರು ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದರು.

"ಏನ್ ಸಾ, ಇಷ್ಟ್ ದೂರ? ರಿಟೈರ್ ಆದ್ಮೇಲೂ ಆಜ್ರಿ ತಕ್ಕಳಕ್ ಬಂದ್ರಾ?"

ಕೂತು ವಿಷಯ ಹೇಳಿದೆ. ಟೀವಿಯವರು ಆ ವಲ್ಲಿಯನ್ನು ಹೊಗಳುತ್ತಿದ್ದಾರೆ, ಮಾಡಿದವರನ್ನು ನರಸೀಪುರಕ್ಕೆ ಕರೆದಿದ್ದಾರೆ, ನಿನ್ನನ್ನೂ ತೋರಿಸುತ್ತಾರೆ ಎಂದೆ.

"ಏನಂತ ತೋರುಸ್ತಾರೆ?"

"ಗಂಜಿ ಹಾಕಿದವಳು ಅಂತ."

"ಕೇಳಿ ಆಕ್ದೋಳು ಅಂತ್ಲಾ, ಕೇಳ್ದೆ ಆಕ್ದೋಳು ಅಂತ್ಲಾ?"

ದಾರಿಯಲ್ಲಿ ನಾನು ಒಂದು ಲೆಕ್ಕಾಚಾರ ಮಾಡಿಕೊಂಡು ಬಂದಿದ್ದೆ. ಅದನ್ನೇ ಹೇಳಿದೆ. "ನೋಡಮ್ಮ, ಈಗ ಹಾಕು ಅಂದವನು ನಾನೇ ಎಂದು ಹೇಳಿದರೆ ಹೆಸರು ನನಗೆ ಬರುತ್ತದೆ. ಹೊಗಳಿಕೆ ಬಂದ ಮೇಲೆ ಕಿತ್ತುಕೊಂಡ ಹಾಗಾಗುತ್ತದೆ. ಇದ್ದದ್ದು ಇದ್ದ ಹಾಗೇ ಇರಲಿ. ಎಲ್ಲ ನಿನ್ನದೇ."

ಅವರು ಕಾಯಿ ಸುಲಿಯುವುದನ್ನು ನಿಲ್ಲಿಸಿ ಜೋರಾಗಿ ನಕ್ಕರು. "ಬಯ್ಯಾಗ್ಲೂ ನಂದೇ ಅಂದ್ರಿ, ಒಗಳಾಗ್ಲೂ ನಂದೇ ಅಂತೀರಿ. ಏನ್ ಧಾರಾಳ ಸಾ ನಿಮ್ದು!" ಆಮೇಲೆ ನಗು ನಿಲ್ಲಿಸಿದರು. "ನಂಗೆ ಒಗಳದು ಬ್ಯಾಡಿ. ನಾನು ಕೇಳಿದ್ದೆ ಅಂತ ಏಳಿ, ಅಷ್ಟೆಯ. ಯಾವ್ ಬಟ್ಟೆಗೆ ಆಕ್ಬೇಕು, ಯಾವುದ್ಕೆ ಬ್ಯಾಡ ಅಂತ ನಮ್ಮತ್ತೆ ಕಲ್ಸಿದ್ರು. ಗೊತ್ತಿಲ್ದೋಳು ಅಂತ ಅನ್ನುಸ್ಕಂಡು ಇಷ್ಟ್ ವರ್ಸ ಕೂತಿವ್ನಿ."

"ಹೇಳ್ತೀನಿ" ಎಂದೆ. ಮನೆಗೆ ಬಂದು ಹೇಳಬೇಕಾದ ಮಾತನ್ನು ಒಂದು ಹಾಳೆಯ ಮೇಲೆ ಬರೆದುಕೊಂಡೆ.

ಸಂಗಮದಲ್ಲಿ ಹಳಬರೆಲ್ಲ ಸೇರಿದ್ದರು. ನಾಯಕನಿಗೆ ಹೊಟ್ಟೆ ಬಂದಿತ್ತು. ನಿರ್ದೇಶಕರ ತಲೆ ಪೂರ್ತಿ ಬೆಳ್ಳಗಾಗಿತ್ತು. ಹಾರಿದ್ದು ಹೇಗೆಂದು ಮತ್ತೆ ಮಾಡಿ ತೋರಿಸಿದರು. ಎರಡು ಸ್ಟೂಲಿನ ಮೇಲೆ ಒಂದು ಹಲಗೆ. ನಾಯಕ ಅದರ ಮೇಲೆ ಬೋರಲು ಮಲಗಿ ಕೈ ಮುಂದೆ ಚಾಚಿದರು. ಹಿಂದೆ ನೀಲಿ ಬಟ್ಟೆ. ಆಗ ಸ್ಟೂಲು ಹಿಡಿದಿದ್ದವನೇ ಈಗಲೂ ಹಿಡಿದ. "ಸಾರ್, ಆಗ ಒಬ್ಬನೇ ಹಿಡೀತಿದ್ದೆ, ಈಗ ಇನ್ನಿಬ್ಬರನ್ನ ಕರೀರಿ" ಎಂದ. ಎಲ್ಲರೂ ನಕ್ಕರು, ಮಲಗಿದ್ದ ನಾಯಕರೂ ನಕ್ಕರು, ಹಲಗೆ ಅಲುಗಾಡಿತು. ನನಗೆ ಅದು ಹಿಡಿಸಿತು. ಒಂದು ಕೆಲಸವನ್ನು ಒಟ್ಟಿಗೆ ಮಾಡಿದವರು ಅದರ ಹರಕು ಮುರುಕನ್ನೆಲ್ಲ ನಾಚಿಕೆಯಿಲ್ಲದೆ ಹೇಳಿಕೊಳ್ಳುತ್ತಿದ್ದರು.

ಹಳೆಯ ವಲ್ಲಿಯನ್ನು ಪೆಟ್ಟಿಗೆಯಲ್ಲಿ ತಂದಿದ್ದರು. ಗಂಜಿಯಮ್ಮ ಅದನ್ನು ಕೈಗೆ ತೆಗೆದುಕೊಂಡು ಮೂಗಿಗೆ ಹಿಡಿದರು. "ಮುಗ್ಗುಲ್ ವಾಸ್ನೆ. ಒಂದ್ ಕಿತನಾದ್ರೂ ಬಿಸ್ಲಿಗಾಕಿಲ್ಲ ಇವ್ರು" ಎಂದು ನನಗೆ ಮಾತ್ರ ಕೇಳುವಂತೆ ಹೇಳಿದರು. ಡ್ರೆಸ್ ಮಾಸ್ಟರು ಅವರಿಗೆ ಕೈ ಮುಗಿದು, "ಈ ಹದ ನನಗೆ ಕೊನೆಗೂ ಸಿಗಲಿಲ್ಲ ತಾಯಿ" ಎಂದರು.

ನನ್ನ ಸರದಿ ಬಂತು. ಕ್ಯಾಮೆರಾ, ಲೈಟು, ಎದುರಿಗೆ ಆ ಯುವತಿ. ನಮ್ಮಲ್ಲಿ ಬಟ್ಟೆಗೆ ಗಂಜಿ ಹಾಕದೆ ಕಳಿಸುವ ಪದ್ಧತಿಯಿಲ್ಲ ಎಂದೆ. ಗಂಜಿ ಕಾಸುವ ಕ್ರಮ ಹೇಳಿದೆ. ಈ ಕೆಲಸವನ್ನು ಈಕೆಯಷ್ಟು ಚೆನ್ನಾಗಿ ಬಲ್ಲವರು ಆ ಕೇಂದ್ರದಲ್ಲಿ ಇರಲಿಲ್ಲ ಎಂದೆ. ಹಾಳೆಯಲ್ಲಿ ಮುಂದಿನ ಸಾಲು, ಅವರು ಬಂದು ಕೇಳಿದ್ದು. ಅಷ್ಟರಲ್ಲಿ ಯುವತಿ, "ಹಾಗಾದ್ರೆ ಇದೊಂದು ಸುಂದರವಾದ ತಪ್ಪು ಅಲ್ವಾ ಸರ್?" ಎಂದಳು. ನಾಯಕರು ಚಪ್ಪಾಳೆ ತಟ್ಟಿದರು. ನಿರ್ದೇಶಕರು, "ಅದ್ಭುತವಾದ ತಪ್ಪು!" ಎಂದರು. ಎಲ್ಲರೂ ನನ್ನ ಮುಖ ನೋಡಿದರು. ನಾನು ತಲೆಯಾಡಿಸಿದೆ. "ಓಕೆ" ಎಂದು ಲೈಟು ಆರಿಸಿದರು. ಗಂಜಿಯಮ್ಮನನ್ನು ವಲ್ಲಿ ಹಿಡಿದು ನಿಲ್ಲಿಸಿ ತೆಗೆದುಕೊಂಡರು, ಏನೂ ಕೇಳಲಿಲ್ಲ.

ವಾಪಸು ಬಸ್ಸಿನಲ್ಲಿ ಅವರು ಮುಂದೆ ಹೆಂಗಸರ ಸೀಟಿನಲ್ಲಿ ಕೂತರು. ನಂಜನಗೂಡಿನಲ್ಲಿ ಇಳಿದು ಅವರ ಊರಿನ ಬಸ್ಸು ಹತ್ತುವಾಗ, "ಏಳಾಕ್ ಆಗ್ನಿಲ್ವಾ ಸಾ?" ಎಂದರು.

"ಟೈಮಾಗಲಿಲ್ಲ" ಎಂದೆ.

"ನಿಮ್ಗಾ?" ಎಂದು ಹತ್ತಿದರು.

ಚಿತ್ರ ಒಂದು ಭಾನುವಾರ ಸಂಜೆ ಐದಕ್ಕೆ ಬಂತು. ಕೇಂದ್ರದವರು ಚರಕಗಳನ್ನು ಗೋಡೆಗೆ ಸರಿಸಿ ಹಾಲಿನಲ್ಲಿ ಟೀವಿ ಇಟ್ಟಿದ್ದರು. ನನಗೂ ಹೇಳಿ ಕಳಿಸಿದ್ದರು. ಮುಂದೆ ಒಂದು ಕುರ್ಚಿ ಹಾಕಿದ್ದರು. ನೇಯುವವರು, ನೂಲುವವರು, ಅವರ ಮನೆಯವರು, ಎಲ್ಲ ಸೇರಿ ನಲವತ್ತು ಜನ ನೆಲದ ಮೇಲೆ. ಗಂಜಿಯಮ್ಮ ನಡುವಿನ ಕಂಬಕ್ಕೆ ಒರಗಿ ಕೂತಿದ್ದರು. ಹಲಗೆ, ಸ್ಟೂಲು, ನಾಯಕನ ಹೊಟ್ಟೆ ಬಂದಾಗ ಜನ ಬಿದ್ದು ಬಿದ್ದು ನಕ್ಕರು. ಆಮೇಲೆ ವಲ್ಲಿ ಬಂತು. ಚಿತ್ರದ ಹಿನ್ನೆಲೆಯಲ್ಲಿ ಒಂದು ಗಂಡು ದನಿ ಹೇಳಿತು: ಏನೂ ತಿಳಿಯದ ಹಳ್ಳಿಯ ಹೆಂಗಸೊಬ್ಬಳು ಮಾಡಿದ ತಪ್ಪು ಹೀಗೆ ಚರಿತ್ರೆಯಾಯಿತು. ಅದರ ಹಿಂದೆಯೇ ನಾನು ತಲೆಯಾಡಿಸುವುದನ್ನು ತೋರಿಸಿದರು. ಅದರ ಹಿಂದೆ ವಲ್ಲಿ ಹಿಡಿದು ನಿಂತ ಅವರು.

"ಗಂಜಿಯಮ್ಮ, ನಿನ್ ತಪ್ಪು ಟೀವಿ ಮಟ್ಟ ಓಯ್ತಲ್ಲಮ್ಮಿ!" ಎಂದು ಯಾರೋ ಕೂಗಿದರು. ನಗು, ಚಪ್ಪಾಳೆ. ಅವರು ಸೆರಗು ಸರಿ ಮಾಡಿಕೊಂಡು ಟೀವಿಯನ್ನೇ ನೋಡುತ್ತಿದ್ದರು. ಜಾಹೀರಾತು ಶುರುವಾಯಿತು.

ನಾನು ಎದ್ದು ಟೀವಿಯ ಮುಂದೆ ನಿಂತೆ. ಅಲ್ಲಿ ಅರ್ಧಕ್ಕರ್ಧ ಜನ ಅಂದು ನಾನು ಆದೇಶ ಓದಿದಾಗ ಇದ್ದವರು.

"ಆ ವಲ್ಲಿಗೆ ಗಂಜಿ ಹಾಕು ಅಂದವನು ನಾನು. ಈಕೆ ಮೊದಲು ಬಂದು ಕೇಳಿದ್ದರು. ಹಾಕಿದರೆ ಹಾರುವುದಿಲ್ಲ ಅಂತಲೂ ಹೇಳಿದ್ದರು" ಎಂದೆ.

ಟೀವಿಯಲ್ಲಿ ಸೋಪಿನ ಹಾಡು ಹಾಡುತ್ತಿತ್ತು. ಒಬ್ಬ ಹಿರಿಯ ನೇಕಾರ, "ಅಂಗಾರೆ ಅವತ್ತು ಸೋಮ್ವಾರ ನೀವು ಓದಿದ್ದು, ಸಾ?" ಎಂದು ಕೇಳಿದ.

"ಸುಳ್ಳು" ಎಂದೆ.

ಗಂಜಿಯಮ್ಮ ಕಂಬ ಬಿಟ್ಟು ನೆಟ್ಟಗೆ ಕೂತರು. "ಯಾವ ಒತ್ನಲ್ ಕೇಳಿದ್ದೆ ಅಂತ್ಲೂ ಏಳಿ ಸಾ."

"ಬೆಳಿಗ್ಗೆ, ಗಂಟೆ ಹೊಡೆದ ಮೇಲೆ. ಹಾಜರಿ ಬರೀತಿದ್ದೆ. ತಲೆ ಎತ್ತಲಿಲ್ಲ."

"ಊಂ" ಎಂದರು. ಆಮೇಲೆ ಹಿಂದಕ್ಕೆ ತಿರುಗಿ ಚರಕದ ಹೆಂಗಸರ ಗುಂಪನ್ನು ನೋಡಿ, "ಕೇಳುಸ್ತಾ?" ಎಂದರು. ಒಬ್ಬಿಬ್ಬರು ತಲೆ ತಗ್ಗಿಸಿದರು. ಒಬ್ಬಾಕೆ, "ಕೇಳುಸ್ತು ಕಣಕ್ಕಾ" ಎಂದಳು.

ನಾನು ಇನ್ನೂ ಅಲ್ಲೇ ನಿಂತಿದ್ದೆ.

"ಅತ್ಲಾಗ್ ಬನ್ನಿ ಸಾ" ಎಂದರು ಗಂಜಿಯಮ್ಮ. "ಜಾಹೀರಾತು ಮುಗೀತು. ಹಿಂದ್ಲೋರ್ಗೆ ಕಾಣಾಕಿಲ್ಲ."

ಪಕ್ಕಕ್ಕೆ ಬಂದೆ. ನನ್ನ ಕುರ್ಚಿಯಲ್ಲಿ ಆಗಲೇ ಯಾರೋ ಕೂತಿದ್ದರು. ಗೋಡೆಗೆ ಸರಿಸಿದ್ದ ಚರಕಗಳ ಪಕ್ಕದಲ್ಲಿ ನಿಂತುಕೊಂಡೇ ಉಳಿದ ಚಿತ್ರವನ್ನು ನೋಡಿದೆ.